ಕತ್ತರಿ ಹಿಡಿದ ಹುಡುಗ, ಕದ್ದು ನೋಡಿದ ಕ್ಯಾಮೆರಾ!

"ನೀವು ಪತ್ರಿಕೆಯವರು 'ಛಾಯಾಗ್ರಹಣ ಸೊಗಸಾಗಿದೆ, ಸಂಕಲನ ಚುರುಕಾಗಿದೆ' ಅಂತ ಒಂದು ಸಾಲು ಗೀಚಿ ಕೈ ತೊಳೆದುಕೊಳ್ತೀರಿ. ಅದು ಸೊಗಸೋ ಅಲ್ಲವೋ ಅಂತ ನಮಗೆ ಹೇಗ್ರೀ ಗೊತ್ತಾಗಬೇಕು?" ಎಂದು ಕೇಳುವ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ನ್ಯಾಯವಾದ ಪ್ರಶ್ನೆ. ಈ ವಾರ ಉತ್ತರ ಕೊಟ್ಟೇಬಿಡೋಣ.

ದೊಡ್ಡ ಚಿತ್ರ ಬೇಡ. ಅಲ್ಲಿ ಹೀರೋ ಮುಖ, ಹಾಡು, ಫೈಟು ಇವುಗಳ ಗದ್ದಲದಲ್ಲಿ ಕ್ಯಾಮೆರಾ ಎಲ್ಲಿ ನಿಂತಿತ್ತು ಅಂತ ಯಾರು ನೋಡ್ತಾರೆ? ಒಂದು ವಿದ್ಯಾರ್ಥಿ ಚಿತ್ರ ತೆಗೆದುಕೊಳ್ಳೋಣ. ಹದಿನೈದೇ ನಿಮಿಷದ್ದು. ಸ್ಟಾರ್ ಇಲ್ಲ, ಸೆಟ್ ಇಲ್ಲ, ದುಡ್ಡೂ ಇಲ್ಲ. ಇಂಥ ಚಿತ್ರದಲ್ಲಿ ಕ್ಯಾಮೆರಾ, ಸಂಕಲನ ಎರಡೂ ಬರಿಮೈಯಲ್ಲಿ ನಿಂತಿರುತ್ತವೆ. ತಪ್ಪೂ ಕಾಣುತ್ತೆ, ಒಪ್ಪೂ ಕಾಣುತ್ತೆ.

ಚಿತ್ರದ ಹೆಸರು 'ಎಲೆಕ್ಟ್ರಾನಿಕ್ ಲ್ಯಾಬಿರಿಂತ್: ಟಿಎಚ್‌ಎಕ್ಸ್ 1138 4ಇಬಿ'. ಹೆಸರು ಕೇಳಿ ಗಾಬರಿಯಾಗಬೇಡಿ. ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ತಯಾರಾದದ್ದು. ನಿರ್ದೇಶಕ ಜಾರ್ಜ್ ಲೂಕಾಸ್. ಹೌದು, ಹತ್ತು ವರ್ಷದ ನಂತರ 'ಸ್ಟಾರ್ ವಾರ್ಸ್' ತೆಗೆದ ಅದೇ ಆಸಾಮಿ! ಆಗಿನ್ನೂ ಇಪ್ಪತ್ತೆರಡರ ಆಸುಪಾಸಿನ ಸಣಕಲು ಹುಡುಗ. ಹೈಸ್ಕೂಲು ಮುಗಿಯುವ ಹೊತ್ತಿಗೆ, 1962ರಲ್ಲಿ, ಕಾರ್ ಅಪಘಾತದಲ್ಲಿ ಸಾವಿನ ಬಾಯಿಂದ ಪಾರಾಗಿ ಬಂದವನು.

ನೌಕಾಪಡೆಯ ಫಿಲಂ, ಟ್ಯೂಬ್‌ಲೈಟಿನ ಬೆಳಕು

ಮೊದಲು ಸಾಮಗ್ರಿ ಎಲ್ಲಿಂದ ಬಂತು ನೋಡಿ. ಆ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ನೌಕಾಪಡೆಯವರಿಗೆ ಸಿನಿಮಾ ತರಬೇತಿ ನಡೆಯುತ್ತಿತ್ತು. ಲೂಕಾಸ್ ಅವರಿಗೆ ಪಾಠ ಹೇಳುವ ಸಹಾಯಕನಾದ. ನೌಕಾಪಡೆಯವರ ಕೈಯಲ್ಲಿ ಕಲರ್ ಫಿಲಂ ಇತ್ತು, ಅದನ್ನು ಸಂಸ್ಕರಿಸುವ ವ್ಯವಸ್ಥೆಯೂ ಇತ್ತು. ಇವನ ತಲೆಯಲ್ಲಿ ಕಥೆ ಇತ್ತು. ಪಾಠದ ನೆಪದಲ್ಲಿ ಚಿತ್ರವೇ ತಯಾರಾಯ್ತು! ಮುಖ್ಯ ಪಾತ್ರಕ್ಕೂ ನೌಕಾಪಡೆಯವನೇ ಸಿಕ್ಕ.

ಕಥೆ ಒಂದೇ ಸಾಲಿನದ್ದು. ಮನುಷ್ಯರಿಗೆ ಹೆಸರಿಲ್ಲದೆ ನಂಬರ್ ಮಾತ್ರ ಇರುವ ಮುಂದಿನ ಕಾಲದ ಒಂದು ನೆಲದಡಿಯ ಲೋಕ. ಅಲ್ಲಿಂದ ಒಬ್ಬ ತಪ್ಪಿಸಿಕೊಂಡು ಓಡುತ್ತಾನೆ. ಯಂತ್ರಗಳ ಮುಂದೆ ಕೂತವರು ಅವನನ್ನು ಪರದೆಯ ಮೇಲೆ ಹಿಂಬಾಲಿಸುತ್ತಾರೆ. ಅಷ್ಟೇ.

ಮುಂದಿನ ಕಾಲದ ಲೋಕ ಅಂದರೆ ಸೆಟ್‌ಗೆ ಎಷ್ಟು ದುಡ್ಡು ಬೇಕು? ಇವನು ಒಂದು ಮೊಳೆಯನ್ನೂ ಹೊಡೆಸಲಿಲ್ಲ. ಕಂಪ್ಯೂಟರ್ ಕೋಣೆ, ವಿಮಾನ ನಿಲ್ದಾಣ, ಕಾರ್ ನಿಲ್ಲಿಸುವ ನೆಲಮಾಳಿಗೆ, ಉದ್ದುದ್ದ ಕಾರಿಡಾರು... ಊರಿನಲ್ಲಿ ಇದ್ದದ್ದನ್ನೇ ಆರಿಸಿಕೊಂಡ. ದೀಪಗಳನ್ನೂ ಹೊತ್ತು ತರಲಿಲ್ಲ. ಅಲ್ಲಲ್ಲೇ ಉರಿಯುತ್ತಿದ್ದ ಬೆಳಕೇ ಆಧಾರ.

ಇಲ್ಲಿ ಛಾಯಾಗ್ರಹಣದ ಮೊದಲ ಪರೀಕ್ಷೆ. ಫಿಲಂ ಮೇಲೆ ಟ್ಯೂಬ್‌ಲೈಟ್ ಬೆಳಕು ಹಸಿರು ಛಾಯೆ ಬಿಡುತ್ತೆ, ಮುಖ ರೋಗಿಯಂತೆ ಕಾಣುತ್ತೆ. ಪ್ರೇಮಕಥೆಯಲ್ಲಿ ಹೀಗಾದರೆ ಛಾಯಾಗ್ರಾಹಕನನ್ನು ಮನೆಗೆ ಕಳಿಸ್ತಾರೆ. ಆದರೆ ಬಿಸಿಲೇ ಕಾಣದ ಜನರ ಕಥೆಯಲ್ಲಿ? ಆ ನಿರ್ಜೀವ ಬೆಳಕೇ ಸರಿಯಾದ ಬೆಳಕು. ಚಿತ್ರ ಚೆಂದ ಇದೆಯಾ ಅಂತ ಕೇಳಬೇಡಿ ಗೆಳೆಯರೇ, ಈ ಕಥೆಗೆ ಈ ಬೆಳಕು ಒಗ್ಗಿದೆಯಾ ಅಂತ ಕೇಳಿ.

ಎರಡನೇ ಪರೀಕ್ಷೆ: ಕ್ಯಾಮೆರಾ ಯಾರ ಕಣ್ಣು? ಇಲ್ಲಿ ಅದು ಕದ್ದು ನೋಡುವ ಕಣ್ಣು. ಓಡುವವನನ್ನು ಎಷ್ಟೋ ಸಲ ದೂರದಿಂದ ನೋಡುತ್ತೇವೆ. ಕೆಲವು ಕಡೆ ಟಿ.ವಿ. ಪರದೆಯ ಗೆರೆ ಬಿದ್ದ, ಕಾಳುಕಾಳಾದ ಬಿಂಬ. ಅದರ ಮೇಲೆ ಅಂಕಿಗಳು ಬೇರೆ. ಬೇರೆ ವಿದ್ಯಾರ್ಥಿ ಚಿತ್ರದಲ್ಲಾದರೆ "ಪ್ರಿಂಟ್ ಕೆಟ್ಟಿದೆ" ಅಂತಿದ್ದೆವು. ಇಲ್ಲಿ "ಅಯ್ಯೋ, ಇವನನ್ನು ಯಾರೋ ನೋಡ್ತಿದ್ದಾರೆ" ಅನ್ನಿಸುತ್ತೆ. ಬಡತನವನ್ನೇ ಕಥೆಯ ಸಾಕ್ಷಿಯಾಗಿ ನಿಲ್ಲಿಸಿಬಿಟ್ಟಿದ್ದಾನೆ, ಭಲೇ!

ಲೋಕ ಕಟ್ಟಿದ್ದು ಕತ್ತರಿ

ಈಗ ಸಂಕಲನ. ಲೂಕಾಸ್‌ನ ಜೀವ ಇದ್ದದ್ದೇ ಇಲ್ಲಿ. 1965ರಲ್ಲಿ ಅನಿಮೇಷನ್ ತರಗತಿಯಲ್ಲಿ ಕ್ಯಾಮೆರಾ ಪರೀಕ್ಷಿಸಲು ಒಂದು ನಿಮಿಷದ ಫಿಲಂ ಕೊಟ್ಟರೆ, ಅವನು ಪತ್ರಿಕೆಗಳಲ್ಲಿ ಬಂದ ಫೋಟೋಗಳನ್ನು ಒಂದರ ಹಿಂದೆ ಒಂದು ಓಡಿಸಿ 'ಲುಕ್ ಅಟ್ ಲೈಫ್' ಎಂಬ ಪುಟ್ಟ ಚಿತ್ರವನ್ನೇ ಮಾಡಿದ್ದ. ಕೆನಡಾದ ಆರ್ಥರ್ ಲಿಪ್ಸೆಟ್ ಎಂಬಾತನ '21-87' (1963) ನೋಡಿ ಹುಚ್ಚನಾಗಿದ್ದ. ಅದರಲ್ಲಿ ಚಿತ್ರ ಒಂದು ಹೇಳಿದರೆ ಶಬ್ದ ಇನ್ನೊಂದು ಹೇಳುತ್ತೆ. ಎರಡೂ ಡಿಕ್ಕಿ ಹೊಡೆದಾಗ ಮೂರನೇ ಅರ್ಥ ಹುಟ್ಟುತ್ತೆ. ('ಸ್ಟಾರ್ ವಾರ್ಸ್'ನಲ್ಲಿ ರಾಜಕುಮಾರಿ ಲಿಯಾಳನ್ನು ಕೂಡಿಹಾಕಿದ ಕೋಣೆಯ ನಂಬರ್ 2187. ಅಭಿಮಾನಿಗಳು ಗುರುತು ಹಾಕಿಕೊಳ್ಳಿ!)

ಟಿಎಚ್‌ಎಕ್ಸ್‌ನಲ್ಲಿ ಕತ್ತರಿ ಮಾಡುವ ಕೆಲಸ ಗಮನಿಸಿ. ಒಬ್ಬ ಕಾರಿಡಾರಿನಲ್ಲಿ ಓಡುತ್ತಾನೆ. ಕಟ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡವನು ತಣ್ಣಗೆ ನಂಬರ್ ಓದುತ್ತಾನೆ. ಕಟ್. ಮತ್ತೆ ಓಟ. ಈ ಎರಡು ಜಾಗ ಬೇರೆ ಬೇರೆ ಊರಲ್ಲಿದ್ದರೂ ನಮಗೆ ಗೊತ್ತಾಗುವುದಿಲ್ಲ. ಅಂಟಿಸಿದ ತಕ್ಷಣ ಒಂದೇ ಕಟ್ಟಡ, ಒಂದೇ ಸರ್ಕಾರ, ಒಂದೇ ಭಯ. ಸೆಟ್ ಹಾಕದೆ ಲೋಕ ಕಟ್ಟುವುದು ಅಂದರೆ ಇದೇ.

ಇನ್ನೊಂದು ಗಮ್ಮತ್ತು: ಓಡುವವನು ಏದುಸಿರು ಬಿಡ್ತಾನೆ, ಹಿಡಿಯುವವರ ದನಿಯಲ್ಲಿ ಬಿಸಿಯೇ ಇಲ್ಲ. ರೈಲ್ವೇ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ. ಚಿತ್ರ ಬಿಸಿ, ಶಬ್ದ ತಣ್ಣಗೆ. ವಿಲನ್ ಗಹಗಹಿಸಿ ನಕ್ಕಿದ್ದರೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ.

ಕೊನೆಗೆ ಬಾಗಿಲು ತೆರೆಯುತ್ತೆ. ಬಯಲು, ಸೂರ್ಯ! ಅಷ್ಟು ಹೊತ್ತು ಟ್ಯೂಬ್‌ಲೈಟಿನಲ್ಲಿ ಕೊಳೆತ ಕಣ್ಣಿಗೆ ಆ ಒಂದು ಷಾಟ್ ನೀರು ಕುಡಿದ ಹಾಗೆ. ಇದನ್ನು ಹೊಗಳುವಾಗ "ಸೂರ್ಯಾಸ್ತ ಸೂಪರ್" ಅಂದರೆ ಸಾಲದು. ಮೊದಲೇ ಒಂದು ಸೂರ್ಯಾಸ್ತ ತೋರಿಸಿಬಿಟ್ಟಿದ್ದರೆ ಇದಕ್ಕೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ. ಸಂಕಲನಕಾರನೂ ಆದ ಲೂಕಾಸ್ ಬೆಳಕನ್ನು ಜಿಪುಣನ ಹಾಗೆ ಕೂಡಿಟ್ಟು ಕೊನೆಗೆ ಖರ್ಚು ಮಾಡಿದ್ದಾನೆ.

ಕಾಲೇಜು ಹುಡುಗರಿಗೆ ಒಂದು ಮಾತು

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈಚೆಗೆ ಒಂದು ಕಾಲೇಜಿನ ಕಿರುಚಿತ್ರ ಸ್ಪರ್ಧೆಗೆ ನನ್ನನ್ನೂ ತೀರ್ಪುಗಾರನಾಗಿ ಕರೆದಿದ್ದರು. (ಪಿಯುಸಿ ಬಿಟ್ಟವನು ಡಿಗ್ರಿ ಹುಡುಗರಿಗೆ ಮಾರ್ಕ್ಸ್ ಹಾಕೋದು, ಕಾಲದ ಮಹಿಮೆ!) ಒಂದು ತಂಡದವರು ಚೀಟಿ ಹಣ ಎತ್ತಿ, ಭಾರೀ ಕ್ಯಾಮೆರಾ ಬಾಡಿಗೆಗೆ ತಂದಿದ್ದರು. ಆಕಾಶದಿಂದ ಊರು, ಕೆರೆ, ತೆಂಗಿನತೋಟ... ಕ್ಯಾಲೆಂಡರಿಗೆ ಹಾಕಬಹುದು. ಕಥೆ ಮಾತ್ರ ಅಪ್ಪ-ಮಗ ಅಡುಗೆಮನೆಯಲ್ಲಿ ಮಾತು ಬಿಟ್ಟು ಕೂತದ್ದು. ಆ ಅಡುಗೆಮನೆಯಲ್ಲಿ ಅಪ್ಪನ ಮುಖವೇ ನೆಟ್ಟಗೆ ಕಾಣಲಿಲ್ಲ! ಬಹುಮಾನ ಬರಲಿಲ್ಲ. "ಸಾರ್, ಇನ್ನೂ ಒಳ್ಳೇ ಕ್ಯಾಮೆರಾ ತರಬೇಕಿತ್ತಾ?" ಅಂತ ಒಬ್ಬ ಕೇಳಿದ. ಹೊಟ್ಟೆ ಚುರ್ ಅಂತು. ತಿಂಗಳಾ ತಿಂಗಳಾ ಕಂತು ಕಟ್ಟೋನು ಅವನೇ.

"ತಮ್ಮಾ, ಕ್ಯಾಮೆರಾ ಸಾಕಷ್ಟು ದೊಡ್ಡದೇ ಇತ್ತು, ಹತ್ತಿರ ಹೋಗಲಿಲ್ಲ ಅಷ್ಟೇ" ಅಂದೆ. ಲೂಕಾಸ್‌ಗೆ ಸಿಕ್ಕ ಕಲರ್ ಫಿಲಂ ಅದೃಷ್ಟವೇ, ಒಪ್ಪೋಣ. ಆದರೆ ಫಿಲಂ ಸಿಕ್ಕಿತು ಅಂತ ಅವನು ಬಣ್ಣದ ಹೂವು ತೆಗೆಯಲಿಲ್ಲ. ಕಥೆ ಕೇಳಿದ ಬಿಳಿ ಗೋಡೆಯನ್ನೇ ತೆಗೆದ.

ದೋಷ ಇಲ್ಲವೇ?

ಇದೆ ಸ್ವಾಮಿ. ಓಟ ಜಾಸ್ತಿಯಾಯ್ತು. ನಡುವೆ ಓಡ್ತಾನೆ, ಓಡ್ತಾನೆ, ಇನ್ನೂ ಓಡ್ತಾನೆ. ಒಂದೆರಡು ನಿಮಿಷ ಕತ್ತರಿಸಿದ್ದರೆ ನಷ್ಟವಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ: ಕದ್ದು ನೋಡುವ ಕ್ಯಾಮೆರಾ ಕದ್ದು ನೋಡುತ್ತಲೇ ಉಳಿಯಿತು. ಅವನಿಗೊಬ್ಬಳು ಸಂಗಾತಿ ಇದ್ದಾಳೆ, ಅವಳಿಗೂ ನಂಬರೇ. ನಿನ್ನ ಸಂಗಾತಿ ತನ್ನನ್ನು ತಾನೇ ನಾಶ ಮಾಡಿಕೊಂಡ ಅಂತ ಯಂತ್ರದ ದನಿ ಅವಳಿಗೆ ಕೊನೆಯಲ್ಲಿ ಸುಳ್ಳು ಸುದ್ದಿ ಮುಟ್ಟಿಸುತ್ತೆ. ಎಂಥ ಸನ್ನಿವೇಶ! ಆದರೆ ಅವರಿಬ್ಬರ ಪ್ರೀತಿ ನಮ್ಮ ಎದೆಗೆ ಮೊದಲೇ ಇಳಿದಿಲ್ಲವಲ್ಲ, ಕಣ್ಣು ಒದ್ದೆಯಾಗುವುದಿಲ್ಲ. ಬುದ್ಧಿ ಚಪ್ಪಾಳೆ ಹೊಡೆಯುತ್ತೆ, ಹೃದಯ ಸುಮ್ಮನೆ ಕೂರುತ್ತೆ.

ಹೀಗಾಗಿ ನನ್ನ ಮಾರ್ಕ್ಸ್ ಪಟ್ಟಿ: ಛಾಯಾಗ್ರಹಣ 100ಕ್ಕೆ 70. ಸಂಕಲನ 80. ಓಟ ಮೊಟಕಾಗಿದ್ದರೆ 90.

1968ರಲ್ಲಿ ಅಮೆರಿಕದ ರಾಷ್ಟ್ರೀಯ ವಿದ್ಯಾರ್ಥಿ ಚಿತ್ರೋತ್ಸವದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. 1971ರಲ್ಲಿ ಇದೇ ಕಥೆ 'ಟಿಎಚ್‌ಎಕ್ಸ್ 1138' ಎಂಬ ದೊಡ್ಡ ಚಿತ್ರವಾಗಿ ಗಲ್ಲಾಪೆಟ್ಟಿಗೆಯಲ್ಲಿ ಮುಗ್ಗರಿಸಿತು. ಹದಿನೈದು ನಿಮಿಷದ ಹುಡುಗನನ್ನೋ, 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡು ಕಾಪಾಡುತ್ತಿದ್ದಾರೆ!

ಇನ್ನು ಮುಂದೆ ಗೆಳೆಯನ ಕಿರುಚಿತ್ರ ನೋಡಿದರೆ "ಸೂಪರ್ ಮಗಾ" ಅಂತ ಬೆನ್ನು ತಟ್ಟಿ ಹೋಗಬೇಡಿ. ಮೂರು ಪ್ರಶ್ನೆ ಕೇಳಿ. ಈ ಬೆಳಕು ಈ ಕಥೆಯದ್ದೇನಾ? ಈ ಕ್ಯಾಮೆರಾ ಯಾರ ಕಣ್ಣು? ಈ ಕಟ್ ಇಲ್ಲದಿದ್ದರೆ ಏನು ಕಳೆದುಹೋಗ್ತಿತ್ತು? ಉತ್ತರ ಹೇಳೋಕೆ ಅವನು ತಡವರಿಸಿದರೆ ಟೀ ಕೊಡಿಸಿ, ಮತ್ತೆ ಕೇಳಿ. ಅವನ ಮುಂದಿನ ಚಿತ್ರಕ್ಕೆ ಆ ಟೀ ಬಾಡಿಗೆ ಕ್ಯಾಮೆರಾಗಿಂತ ಹೆಚ್ಚು ಕೆಲಸ ಮಾಡುತ್ತೆ.

ಮುಂದಿನ ವಾರ ಸಿಗೋಣ. ಪತ್ರ ಬರೆಯುವುದು ಮರೀಬೇಡಿ!