ಕೊಂಬಿನ ಹುಳು ಕಂಡೊಡನೆ ಔಷಧಿ ಬೇಡ



ಎಳ್ಳಿನ ಹೊಲದಲ್ಲಿ ಹಿಂಬದಿಗೆ ಕೊಂಬಿರುವ, ಬೆರಳು ಗಾತ್ರದ ಹುಳುವನ್ನು ನೀವು ಕಂಡೇ ಇರುತ್ತೀರಿ. ಅದರದೇ ಬಳಗದ ಒಂದು ಪತಂಗ ಅಮೆರಿಕದ ಅರಿಜೋನ ಮತ್ತು ಮೆಕ್ಸಿಕೋದ ಸೊನೋರ ಪ್ರಾಂತಗಳ ಮರುಭೂಮಿಯಲ್ಲಿದೆ. ಹೆಸರು ಬಿಳಿಗೆರೆ ಸ್ಫಿಂಕ್ಸ್ ಪತಂಗ. ಶಾಸ್ತ್ರೀಯವಾಗಿ ಹೈಲಿಸ್ ಲಿನಿಯೇಟ. ಅದರ ಬದುಕನ್ನು ತಿಳಿದರೆ ಸಿಂಪರಣೆಯ ಬಗ್ಗೆ ನಮ್ಮ ಅವಸರ ಸ್ವಲ್ಪ ತಗ್ಗೀತು.

ಪತಂಗವೆಂದರೆ ರಾತ್ರಿ ದೀಪಕ್ಕೆ ಮುತ್ತುವ ಕೀಟವೆಂದು ನಮ್ಮ ಎಣಿಕೆ. ಇದಾದರೋ ಸಂಜೆ, ರಾತ್ರಿ, ಮುಂಜಾನೆಯಲ್ಲದೆ ಒಳ್ಳೆಯ ಬಿಸಿಲಿನಲ್ಲೂ ಹಾರುತ್ತದೆ. ರೆಕ್ಕೆ ಬಿಚ್ಚಿದರೆ 6ರಿಂದ 9 ಸೆಂಟಿಮೀಟರು. ಹಾರುವ ಮುನ್ನ ರೆಕ್ಕೆಗಳನ್ನು ನಡುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಹೂವಿನ ಮೇಲೆ ಕೂರದೆ, ಅದರ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ಸೊಂಡಿಲಿನಿಂದ ಮಕರಂದ ಹೀರುತ್ತದೆ. ದೂರದಿಂದ ನೋಡಿದವರು ಪುಟ್ಟ ಹಕ್ಕಿಯೆಂದೇ ತಿಳಿಯುತ್ತಾರೆ. ಮರುಭೂಮಿಯ ಎಷ್ಟೋ ಹೂಗಳಿಗೆ ಪರಾಗ ಮುಟ್ಟಿಸುವ ಕೆಲಸವೂ ಇದರದೇ.

ಅಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೇಸಗೆ ಮಳೆ. ನೆಲ ನೆನೆದು ಕಳೆ ಚಿಗುರಿತೆಂದರೆ ಮರಿಹುಳುಗಳು ಹುಟ್ಟಿದುವೆಂದೇ ಲೆಕ್ಕ. ಮಳೆ ಚೆನ್ನಾದ ವರ್ಷ ಸಾವಿರಗಟ್ಟಲೆ ಹುಳುಗಳು ರಸ್ತೆ ದಾಟಿ ಸಾಗುತ್ತವೆ. ಕೆಲವು ಹಸಿರು, ಕೆಲವು ಕಪ್ಪು. ಬಲಿತ ಮೇಲೆ ಮಣ್ಣಿನಲ್ಲಿ ಇಳಿದು ಕೋಶವಾಗುತ್ತವೆ. ಅಲ್ಲಿನ ತೊಹೊನೊ ಓಧಮ್ ಜನರು ಈ ಹುಳುಗಳನ್ನು ಆರಿಸಿ, ತಲೆ ತೆಗೆದು, ಹೊಟ್ಟೆ ಹಿಂಡಿ, ಹುರಿದು ತಿನ್ನುತ್ತಿದ್ದರು. ನಮ್ಮ ಮನೆಗಳಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟ, ಆ ಮಾತು ಬಿಡಿ.

ಮುಖ್ಯ ಸಂಗತಿಯೆಂದರೆ, ಈ ಹುಳುವಿನ ಮೆಚ್ಚಿನ ಮೇವು ಕೊಮ್ಮೆಯ ಜಾತಿಯ ಕಳೆಗಳು ಮತ್ತು ಗೋಣಿಸೊಪ್ಪು. ಎರಡೂ ನಮ್ಮ ಬದುಗಳಲ್ಲಿ ಬೇಕಾದಷ್ಟಿವೆ. ದ್ರಾಕ್ಷಿ, ಟೊಮೇಟೊಗಳಿಗೆ ಅದು ಬಾಯಿ ಹಾಕುವುದು ಅಪರೂಪ. ಹೀಗಿರುವಾಗ ಹಿಂಡು ಕಂಡೊಡನೆ ವಿಷ ಹೊಡೆದರೆ ಕಳೆ ತಿನ್ನುವ ಹುಳುವೂ ಹೋಯಿತು, ಹೂವಿಗೆ ಬರುವ ಪತಂಗವೂ ಹೋಯಿತು, ಔಷಧಿಯ ಹಣವೂ ಹೋಯಿತು.

ನಮ್ಮಲ್ಲೂ ಕೊಮ್ಮೆ, ದ್ರಾಕ್ಷಿ ಎರಡನ್ನೂ ತಿನ್ನುವ ಕೊಂಬಿನ ಹುಳು ಇದೆ. ಆದ್ದರಿಂದ ಮೊದಲು ಬಗ್ಗಿ ನೋಡಿ: ಕಡಿದಿರುವುದು ಯಾವ ಎಲೆ? ಕಳೆಯಾದರೆ ಸುಮ್ಮನಿರಿ; ಹುಳು ತುಂಬಿದ ಆ ಕಳೆಯನ್ನು ಅದೇ ವಾರ ಕಿತ್ತರೆ ಹಸಿದ ಹುಳು ಪೈರಿನತ್ತ ನಡೆದೀತು. ಎಳ್ಳಿನಲ್ಲಿರುವುದು ಮಾತ್ರ ಪೈರನ್ನೇ ತಿನ್ನುತ್ತದೆ. ದೊಡ್ಡ ಹುಳುವಾದ್ದರಿಂದ ಬೆಳಗಿನ ಹೊತ್ತು ಗಿಡದ ಕೆಳಗೆ ಹಿಕ್ಕೆ ಹುಡುಕಿ, ಮೇಲೆ ನೋಡಿ, ಕೈಯಿಂದಲೇ ಆರಿಸಿ ಸಾಬೂನು ನೀರಿಗೆ ಹಾಕಬಹುದು.