ಫ್ಯೂಸ್ ಹೋದದ್ದಕ್ಕೆ ಇಂಜಿನ್ನೇ ಬಿಚ್ಚಿದರು!

ಶಿವಮೊಗ್ಗ: ಗಾಂಧಿ ಬಜಾರಿನ ಕಿರಾಣಿ ವ್ಯಾಪಾರಿಯೊಬ್ಬರು ಉಡುಪಿ ಕಡೆಯಿಂದ ತೆಂಗಿನಕಾಯಿ ಹೇರಿಕೊಂಡು ಬರುವಾಗ ಆಗುಂಬೆ ಘಾಟಿಯಲ್ಲಿ ಅವರ ಓಮ್ನಿ ವ್ಯಾನು ಕುದಿಯಿತು. ಹಗ್ಗ ಕಟ್ಟಿ ಎಳೆಸಿ ಊರಿಗೆ ತಂದು ಗ್ಯಾರೇಜಿಗೆ ಬಿಟ್ಟರು. ಮೊದಲ ದಿನ ‘ವಾಟರ್ ಪಂಪು’ ಅಂದರು. ಮೂರನೇ ದಿನ ‘ಹೆಡ್ ಗ್ಯಾಸ್ಕೆಟ್’ ಅಂದರು. ವಾರ ತುಂಬುವುದರೊಳಗೆ ಇಂಜಿನ್ ನೆಲದ ಮೇಲಿತ್ತು, ಬೋರು ಮಾಡಿಸಬೇಕು ಅನ್ನುವ ಮಾತೂ ಬಂತು. ಆಮೇಲೆ ಬೇರೊಬ್ಬ ಎಲೆಕ್ಟ್ರಿಷಿಯನ್ ಬಂದು ನೋಡಿದರೆ, ರೇಡಿಯೇಟರ್ ಫ್ಯಾನಿನ ಫ್ಯೂಸು ಸುಟ್ಟು ಕರಕಲಾಗಿತ್ತು!

ಹಾಗಾದರೆ ಗ್ಯಾರೇಜಿನವರು ಮೋಸ ಮಾಡಿದರೇ? ಬಜಾರಿನಲ್ಲಿ ಎಲ್ಲರೂ ಹೌದು ಅನ್ನುತ್ತಾರೆ. ಆದರೆ ವಿಷಯ ಅಷ್ಟು ಸಲೀಸಲ್ಲ. ಫ್ಯೂಸು ಹೋಗಿ ಫ್ಯಾನು ನಿಂತ ಮೇಲೂ, ಮುಳ್ಳು ಕೆಂಪು ಗೆರೆ ಮುಟ್ಟಿದ ಮೇಲೂ, ‘ಇನ್ನೊಂದು ತಿರುವು, ಇನ್ನೊಂದು ತಿರುವು’ ಅಂತ ಆಗುಂಬೆಯ 14 ತಿರುವು ಹತ್ತಿಸಿದರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುವುದುಂಟು, ಗ್ಯಾಸ್ಕೆಟ್ ಹೋಗುವುದುಂಟು. ಅಂದರೆ ಮೆಕ್ಯಾನಿಕ್ ಹೇಳಿದ್ದೂ ನಿಜವಿರಬಹುದು. ಹೆಡ್ಡು ಸೊಟ್ಟಗಾಗಿದೆಯೋ ಇಲ್ಲವೋ ಅಂತ ನೋಡಲು ಒಂದು ನೇರ ಪಟ್ಟಿ, ಒಂದು ಫೀಲರ್ ಗೇಜ್ ಸಾಕು. ಮಾಲೀಕರ ಎದುರು ಅಳತೆ ಹಿಡಿದು ತೋರಿಸಿದವರಿಲ್ಲ, ತೋರಿಸಿ ಅಂತ ಅವರು ಕೇಳಲೂ ಇಲ್ಲ. ಈಗ ಇಬ್ಬರ ಕೈಯಲ್ಲೂ ಒಂದು ತುಂಡು ಕಾಗದವಿಲ್ಲ. ಉಳಿದದ್ದು ಬಾಯಿಮಾತಿನ ಜಗಳ.

ಇದು ಒಂದು ವ್ಯಾನಿನ ಕಥೆಯಲ್ಲ. 1984ರಲ್ಲಿ ಬಂದ ಈ ವ್ಯಾನು 2019ರಲ್ಲಿ ತಯಾರಿಕೆ ನಿಲ್ಲಿಸಿತು, ಮಾರುತಿ 800 ಅದಕ್ಕೂ ಮುಂಚೆ, 2014ರಲ್ಲೇ ನಿಂತಿತು. ಮಲೆನಾಡಿನ ಸಣ್ಣ ವ್ಯಾಪಾರಿಗಳು ಇನ್ನೂ ಇವನ್ನೇ ನಂಬಿದ್ದಾರೆ. ಹೊಸದು ಕೊಳ್ಳಲು ದುಡ್ಡಿಲ್ಲ, ಹಳೆಯದನ್ನು ಉಳಿಸಿಕೊಳ್ಳುವುದೂ ಅಗ್ಗವಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹಾರಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಇದರ ಮೇಲೆ ಗ್ಯಾರೇಜಿನ ಬಿಲ್ಲು ಬಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆ ತಡೆದೀತೇ?

ಹಾಗಂತ ಮಾಲೀಕರೂ ಸಾಚಾ ಅಲ್ಲ. ತಕ್ಕಡಿಯ ಕಲ್ಲನ್ನು ದಿನಾ ಒರೆಸುವ ಯಜಮಾನರು ಇಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿರುವುದಿಲ್ಲ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದೆ ಅನ್ನುವುದೇ ಕೆಲವರಿಗೆ ಗೊತ್ತಿಲ್ಲ! ಬೆಳಿಗ್ಗೆ ಗಾಡಿ ಸಮತಟ್ಟಾದ ಜಾಗದಲ್ಲಿ ತಣ್ಣಗಿರುವಾಗ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿದರೆ ಆಯಿಲು ಎರಡು ಗುರುತಿನ ನಡುವೆ ಇರಬೇಕು. ಆಯಿಲು ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ, ಆಗ ಗಾಡಿ ಸ್ಟಾರ್ಟ್ ಮಾಡಲೇಬಾರದು. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವವರಿದ್ದಾರೆ. ಆ ಗಡಸು ನೀರು ಒಳಗೆ ಉಪ್ಪು ಕಟ್ಟಿ ದಾರಿ ಮುಚ್ಚುತ್ತದೆ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಮುಖ ಬೇಯುವುದು ಗ್ಯಾರಂಟಿ.

ಹೊಗೆಯೂ ಮಾತಾಡುತ್ತದೆ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ, ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಉರಿಯುತ್ತಿದೆ. ಇಷ್ಟು ಗೊತ್ತಿದ್ದು ಗ್ಯಾರೇಜಿಗೆ ಹೋದವನ ಹತ್ತಿರ ಮೆಕ್ಯಾನಿಕ್ ಸ್ವಲ್ಪ ಯೋಚಿಸಿ ಮಾತಾಡುತ್ತಾನೆ. ಟೈಮಿಂಗ್ ಬೆಲ್ಟ್, ಬ್ರೇಕು ಇವಕ್ಕೆಲ್ಲ ಮಾತ್ರ ಮನೆಯಲ್ಲಿ ಕೈಹಾಕದಿರುವುದು ಕ್ಷೇಮ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಂತೂ ಸೆನ್ಸರುಗಳ ಸಂತೆ, ಅಲ್ಲಿ ಸ್ಕ್ಯಾನರ್ ಇಲ್ಲದ ಮೆಕ್ಯಾನಿಕ್ ಕೂಡ ಕುರುಡ.

ಗ್ಯಾರೇಜು ನಂಬುವುದು ಹೇಗೆ? ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದವರಿಗೆ ಯಾವ ಬಾಗಿಲು ಬಡಿಯಬೇಕು ಅಂತ ತಲೆ ತಿರುಗುವುದು ಸಹಜ. ಬಾಡಿಗೆ ಟ್ಯಾಕ್ಸಿಯವರು ಗಾಡಿ ಎಲ್ಲಿ ಬಿಡುತ್ತಾರೆ ಅಂತ ವಿಚಾರಿಸುವುದು ಮೊದಲ ಕೆಲಸ. ದಿನ ನಿಂತರೆ ಅನ್ನ ನಿಲ್ಲುವ ಜನ ಅವರು. ಸ್ಪ್ಯಾನರ್ ಹಿಡಿಯುವ ಮುಂಚೆ ‘ಎಲ್ಲಿ, ಯಾವಾಗ, ಎಷ್ಟು ಹೊತ್ತು ಓಡಿದ ಮೇಲೆ ಹೀಗಾಯ್ತು?’ ಅಂತ ಕೇಳುವವನು ಕೆಲಸ ಬಲ್ಲವನು. ಗಾಡಿ ಬಿಸಿಯಾಯ್ತು ಅಂದ ತಕ್ಷಣ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಿ ‘ಇನ್ನು ತೊಂದರೆ ಇಲ್ಲ’ ಅನ್ನುವವನಿಂದ ದೂರ ಇರಬೇಕು. ಬಿಚ್ಚಿದ ಹಳೇ ಸಾಮಾನು ವಾಪಸ್ ಕೇಳಿದರೆ ಮುಖ ಸಿಂಡರಿಸುವವನಿಂದ ಇನ್ನೂ ದೂರ. ಸ್ಪೇರ್ ಪಾರ್ಟ್ಸ್ ಅಂಗಡಿಗೂ ಕೆಲವು ಗ್ಯಾರೇಜುಗಳಿಗೂ ನಡುವೆ ಓಡಾಡುವ ಕಮಿಷನ್ ಎಂಥದು ಅಂತ ಈ ಊರಿನ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಸಾಮಾನಿನ ಬಿಲ್ಲು ಬೇರೆ, ಮಜೂರಿ ಬೇರೆ ಬರೆಸಿಕೊಳ್ಳಬೇಕು. ಗಾಜಿನ ಕೋಣೆ, ಟೈ ಕಟ್ಟಿದ ಹುಡುಗ ಇರುವ ದೊಡ್ಡ ಶೋರೂಮಾದರೂ ಅಷ್ಟೇ. ಅಲ್ಲಿ ಬೇಡದ ‘ಕೋಟಿಂಗು’, ‘ಫ್ಲಶ್ಶು’ಗಳು ಬಿಲ್ಲಿನ ಬಾಲಕ್ಕೆ ಅಂಟಿಕೊಂಡಿರುತ್ತವೆ.

ಬಿಲ್ಲು ಕೇಳಿದರೆ ‘ನಂಬಿಕೆ ಇಲ್ವಾ ಸಾರ್’ ಅನ್ನುವುದು ಹಳೇ ಪಲ್ಲವಿ. 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಡಿದ ಕೆಲಸಕ್ಕೆ ರಶೀದಿ ಕೊಡದಿರುವುದೇ ಅನುಚಿತ ವ್ಯಾಪಾರ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು 2 ವರ್ಷ. ವ್ಯಾಪಾರಕ್ಕೆ ಬಳಸುವ ಗಾಡಿ ಅಂದ ಕೂಡಲೇ ‘ನೀವು ಗ್ರಾಹಕರೇ ಅಲ್ಲ’ ಅಂತ ಎದುರು ವಾದ ಬರುತ್ತದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ಫೋನಿನಲ್ಲೇ ವಿಚಾರಿಸಲು 1915 ಸಹಾಯವಾಣಿ ಇದೆ. ಬಿಲ್ಲಿಲ್ಲದೆ ಹೋದವರು ಅಲ್ಲಿ ಏನನ್ನು ತೋರಿಸುತ್ತಾರೆ?

ಗ್ಯಾರೇಜಿನವರಿಗೂ ಅವರದೇ ಗೋಳಿದೆ. ಉದ್ರಿ ಹೇಳಿ ತಿಂಗಳುಗಟ್ಟಲೆ ಮುಖ ತೋರಿಸದ ಗಿರಾಕಿಗಳು, ಅಗ್ಗದ ಡೂಪ್ಲಿಕೇಟ್ ಸಾಮಾನು ತಾವೇ ತಂದು ‘ಇದನ್ನೇ ಹಾಕು’ ಅಂತ ಹಟ ಹಿಡಿಯುವ ಯಜಮಾನರು. ಅದು ಮುರಿದಾಗ ಬೈಗುಳ ಮಾತ್ರ ಮೆಕ್ಯಾನಿಕ್‌ಗೆ.

ಗಾಂಧಿ ಬಜಾರಿನವರ ವ್ಯಾನು ಇನ್ನೂ ಗ್ಯಾರೇಜಿನ ಮುಂದೆ ನಿಂತಿದೆ, ಇಂಜಿನ್ ಒಳಗಡೆ ಗೋಣಿಚೀಲದ ಮೇಲಿದೆ. ಯಜಮಾನರು ಈಗ ಬೆಳಗಿನ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ ಆರ್ಡರ್ ಹಿಡಿದು ಬರುತ್ತಿದ್ದಾರೆ. ಹೆಡ್ಡಿನ ಅಳತೆ ಬರೆದು ಕೊಡಿ ಅಂತ ಕಳೆದ ವಾರ ಕೇಳಿದ್ದಾರಂತೆ. ಕಾಗದ ಇನ್ನೂ ಬಂದಿಲ್ಲ.