ಬಾಣಂತಿಯ ತಟ್ಟೆಯಲ್ಲಿ ಬರೀ ಅನ್ನ, ಮೆಣಸಿನ ಸಾರು: ಎದೆಹಾಲು ಕುಡಿಯುವ ಮಗುವಿನ ಹೃದಯಕ್ಕೂ ಇದಕ್ಕೂ ಏನು ಸಂಬಂಧ?

ಹೆರಿಗೆಯಾದ ಮನೆಯಲ್ಲಿ ಮೊದಲು ಬದಲಾಗುವುದು ಅಡುಗೆಮನೆ. ಬಾಣಂತಿಗೆ ಬೇರೆ ಪಾತ್ರೆ, ಬೇರೆ ಸಾರು. ಬೇಳೆ ಬೇಡ, ಮಗುವಿಗೆ ವಾಯು ಆಗುತ್ತದೆ. ಸೊಪ್ಪು ಬೇಡ, ಮಗುವಿಗೆ ಭೇದಿ. ಹಣ್ಣು, ಮೊಸರು ಬೇಡ, ಶೀತ. ನೀರು ಕೂಡ ಲೆಕ್ಕ ಹಾಕಿ ಕೊಡಬೇಕು, ಇಲ್ಲದಿದ್ದರೆ ಹೊಟ್ಟೆ ಬರುತ್ತದೆ. ಎಲ್ಲ ಕಳೆದು ತಟ್ಟೆಯಲ್ಲಿ ಉಳಿಯುವುದು ಬಿಸಿ ಅನ್ನ, ಮೆಣಸು-ಬೆಳ್ಳುಳ್ಳಿ ಸಾರು, ಒಂದಿಷ್ಟು ತುಪ್ಪ. ಈ ಲೇಖನದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಾಗ ಪ್ರತಿಯೊಬ್ಬರ ಮನೆಯಲ್ಲೂ ಇಂಥದ್ದೊಂದು ಪಟ್ಟಿ ಇರುವುದು ಗೊತ್ತಾಯಿತು. ಯಾವ ಪಟ್ಟಿಯೂ ಇನ್ನೊಂದರ ಹಾಗಿರಲಿಲ್ಲ, ಆದರೆ ಎಲ್ಲದರಲ್ಲೂ 'ತಿನ್ನಬಾರದು' ಎಂಬ ಭಾಗವೇ ಉದ್ದವಿತ್ತು.

ಈ ಪಥ್ಯವನ್ನು 'ಹಳೇ ಕಾಲದ ನಂಬಿಕೆ, ಪಾಲಿಸಿದರೆ ನಷ್ಟವೇನಿಲ್ಲ' ಎಂದು ಹಲವರು ಬಿಟ್ಟುಬಿಡುತ್ತಾರೆ. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಆದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ತಜ್ಞರು 2021ರಲ್ಲಿ 'ಆರ್ಕೈವ್ಸ್ ಆಫ್ ಡಿಸೀಸ್ ಇನ್ ಚೈಲ್ಡ್‌ಹುಡ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಆ ಮಾತು ಹೇಳುವುದು ಕಷ್ಟ.

ಅಲ್ಲಿ ವರದಿಯಾದದ್ದು 250 ಶಿಶುಗಳ ವಿಷಯ. ಎಲ್ಲವೂ ಎದೆಹಾಲು ಮಾತ್ರ ಕುಡಿಯುತ್ತಿದ್ದ ಮಕ್ಕಳು, ವಯಸ್ಸು ಸರಾಸರಿ ಮೂರು ತಿಂಗಳ ಆಸುಪಾಸು. ವೇಗದ ಉಸಿರಾಟ, ಹಾಲು ಕುಡಿಯದಿರುವುದು, ವಾಂತಿ – ಇವೇ ಮುಖ್ಯ ಲಕ್ಷಣಗಳು. ಪರೀಕ್ಷಿಸಿದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿತ್ತು. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಾಗಿತ್ತು. ಹೃದಯದ ರಚನೆಯಲ್ಲಿ ಇದಕ್ಕೆ ಕಾರಣವಾಗುವ ಹುಟ್ಟು ದೋಷ ಇರಲಿಲ್ಲ. ಈ ಮಕ್ಕಳಿಗೆ ಕೊಟ್ಟ ಮುಖ್ಯ ಔಷಧ ವಿಟಮಿನ್ ಬಿ1, ಅಂದರೆ ಥಯಾಮಿನ್. ಬಹುಪಾಲು ಮಕ್ಕಳು ಒಂದೆರಡು ದಿನಗಳಲ್ಲೇ ಚೇತರಿಸಿಕೊಂಡರು. ಎಲ್ಲರೂ ಉಳಿಯಲಿಲ್ಲ. ತಾಯಂದಿರನ್ನು ವಿಚಾರಿಸಿದಾಗ ಸಿಕ್ಕಿದ್ದು ಪಾಲಿಶ್ ಮಾಡಿದ ಅಕ್ಕಿಯ ಅನ್ನವೇ ಪ್ರಧಾನವಾಗಿದ್ದ ಬಾಣಂತನದ ಪಥ್ಯ.

ಹಾಲು ಸಾಕಷ್ಟಿದೆ, ಮತ್ತೆ ಕೊರತೆ ಎಲ್ಲಿಂದ ಬಂತು?

ಎದೆಹಾಲಿನಲ್ಲಿರುವ ಎಲ್ಲ ಪೋಷಕಾಂಶಗಳೂ ತಾಯಿಯ ಊಟವನ್ನು ಒಂದೇ ರೀತಿ ಅವಲಂಬಿಸಿಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಫೋಲಿಕ್ ಆಮ್ಲದ ವಿಷಯದಲ್ಲಿ ದೇಹ ತಾಯಿಯ ದಾಸ್ತಾನಿನಿಂದ ತೆಗೆದಾದರೂ ಹಾಲಿಗೆ ಸೇರಿಸುತ್ತದೆ. ತಾಯಿ ಸೊರಗುತ್ತಾಳೆ, ಹಾಲಿನ ಮಟ್ಟ ಹೆಚ್ಚು ಕಡಿಮೆಯಾಗುವುದಿಲ್ಲ. ಬಿ1, ಬಿ2, ಬಿ6, ಬಿ12, ವಿಟಮಿನ್ ಎ ಮತ್ತು ಅಯೋಡಿನ್‌ಗಳ ಲೆಕ್ಕ ಬೇರೆ. ತಾಯಿಗೆ ಸಿಗದಿದ್ದರೆ ಹಾಲಿನಲ್ಲೂ ಇಳಿಯುತ್ತದೆ.

ಇವುಗಳಲ್ಲಿ ಬಿ1 ತೀರ ಬೇಗ ಮುಗಿಯುವಂಥದ್ದು. ವಯಸ್ಕರ ದೇಹದಲ್ಲಿ ಇರುವುದೇ ಸುಮಾರು 25ರಿಂದ 30 ಮಿಲಿಗ್ರಾಂ, ಅದು ಎರಡು-ಮೂರು ವಾರಕ್ಕೆ ಸಾಕಾಗುವಷ್ಟು. ಹೆರಿಗೆಯಾದ ದಿನದಿಂದ ಪಥ್ಯ ಶುರುವಾದರೆ ತಿಂಗಳು ತುಂಬುವ ಹೊತ್ತಿಗೆ ತಾಯಿಯ ದಾಸ್ತಾನು ತಳ ಕಾಣುತ್ತದೆ. ಮಗು ಹುಟ್ಟುವಾಗ ತಂದುಕೊಂಡದ್ದು ಇನ್ನಷ್ಟು ದಿನ ನಡೆಸಿಕೊಡುತ್ತದೆ. ಕಾಯಿಲೆ ಎರಡರಿಂದ ನಾಲ್ಕು ತಿಂಗಳ ನಡುವೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಅಷ್ಟರವರೆಗೆ ಮಗು ಗುಂಡುಗುಂಡಾಗಿ, ತೂಕ ಚೆನ್ನಾಗಿ ಬಂದು, ನೋಡಿದವರು ದೃಷ್ಟಿ ತೆಗೆಯುವಂತಿರಬಹುದು. ತಾಯಿಗೂ ದೊಡ್ಡ ತೊಂದರೆ ಕಾಣದಿರಬಹುದು. ಕೆಲವರಿಗೆ ಅಂಗಾಲು ಜೋಮು ಹಿಡಿಯುತ್ತದೆ, ಸುಸ್ತಾಗುತ್ತದೆ. ಬಾಣಂತಿಗೆ ಸುಸ್ತಾಗದೆ ಇನ್ನಾರಿಗೆ ಆಗುತ್ತದೆ ಎಂದು ಮನೆಯವರು ಸುಮ್ಮನಾಗುತ್ತಾರೆ.

ಥಯಾಮಿನ್ ಮಾಡುವ ಕೆಲಸವನ್ನು ಸರಳವಾಗಿ ಹೇಳುವುದಾದರೆ: ನಾವು ತಿಂದ ಅನ್ನ ಸಕ್ಕರೆಯಾಗಿ ಜೀವಕೋಶದೊಳಗೆ ಹೋಗುತ್ತದೆ. ಅದು ಪೂರ್ತಿ ಉರಿದು ಶಕ್ತಿಯಾಗಬೇಕಾದರೆ ಒಂದು ಹಂತದಲ್ಲಿ ಬಿ1 ಇರಲೇಬೇಕು. ಇಲ್ಲದಿದ್ದರೆ ಸಕ್ಕರೆ ಅರ್ಧಕ್ಕೇ ನಿಂತು ಲ್ಯಾಕ್ಟಿಕ್ ಆಮ್ಲವಾಗಿ ಶೇಖರವಾಗುತ್ತದೆ. ಸೌದೆ ಇದೆ, ಗಾಳಿ ಇಲ್ಲ, ಹೊಗೆ ತುಂಬಿಕೊಂಡಿದೆ ಎಂಬಂಥ ಸ್ಥಿತಿ. ಒಂದು ಕ್ಷಣವೂ ವಿರಾಮವಿಲ್ಲದೆ ದುಡಿಯುವ ಹೃದಯ ಮತ್ತು ಮಿದುಳಿಗೆ ಮೊದಲ ಪೆಟ್ಟು. ಬರೀ ಅನ್ನ ತಿನ್ನುವವರಿಗೆ ಇದು ಇಮ್ಮಡಿ ಸಮಸ್ಯೆ, ಏಕೆಂದರೆ ಪಿಷ್ಟ ಹೆಚ್ಚಿದಷ್ಟೂ ಬಿ1 ಹೆಚ್ಚು ಬೇಕು, ಪಾಲಿಶ್ ಅಕ್ಕಿಯಲ್ಲಿ ಅದು ಇರುವುದಿಲ್ಲ. ಆಸ್ಪತ್ರೆಯಲ್ಲಿ ಬಿ1 ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇಂಥ ಮಗುವಿನ ಸ್ಥಿತಿ ಇನ್ನೂ ಬಿಗಡಾಯಿಸಬಹುದು ಎಂದು ವೈದ್ಯರು ಎಚ್ಚರಿಸುವುದೂ ಇದಕ್ಕೇ.

ಹಳೆಯ ಕಾಯಿಲೆ, ಹಳೆಯ ಅಪರಾಧಿ

ಈ ಕಾಯಿಲೆಯ ಹೆಸರು ಬೆರಿಬೆರಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ಬಿ1 ಕೊರತೆ – ಬೆರಿಬೆರಿ' ಎಂದು ಹೊಂದಿಸಿ ಬರೆದು ಅಂಕ ಪಡೆದು ಮರೆತಿದ್ದೇವೆ. ಇದರ ಕತೆ ಅಕ್ಕಿಯ ಕತೆಯೇ. 1890ರ ದಶಕದಲ್ಲಿ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯ ಸಾಕಿದ ಕೋಳಿಗಳು ಕಾಲಿನ ಶಕ್ತಿ ಕಳೆದುಕೊಂಡವು. ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ತಿನ್ನುತ್ತಿದ್ದಾಗ ಕಾಯಿಲೆ, ತೌಡು ಇರುವ ಅಕ್ಕಿ ಹಾಕಿದಾಗ ಗುಣ. ಈ ಗಮನಿಕೆ ಅವರಿಗೆ 1929ರಲ್ಲಿ ನೊಬೆಲ್ ತಂದುಕೊಟ್ಟಿತು.

ನಮಗೆ ಇದಕ್ಕಿಂತ ಹತ್ತಿರದ್ದು ಕೌಲಾಲಂಪುರದ ಪ್ರಯೋಗ. ಅಲ್ಲಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ 1905ರಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯ ರೋಗಿಗಳಲ್ಲಿ ಒಂದು ಗುಂಪಿಗೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತೀಯರು ತಿನ್ನುತ್ತಿದ್ದ ಬೇಯಿಸಿ ಒಣಗಿಸಿದ ಅಕ್ಕಿ ಕೊಟ್ಟರು. ಬೆರಿಬೆರಿ ಕಾಡಿದ್ದು ಬಿಳಿ ಅಕ್ಕಿಯವರನ್ನು. ಬೇಯಿಸಿ ಒಣಗಿಸಿದ್ದು ಎಂದರೆ ನಮ್ಮ ಕುಚ್ಚಲಕ್ಕಿ, ಕುಸುಬಲಕ್ಕಿ. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸಿದಾಗ ಹೊರಪದರದ ಬಿ1 ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. 100 ಗ್ರಾಂ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಇರುವ ಥಯಾಮಿನ್ ಸುಮಾರು 0.05 ಮಿಲಿಗ್ರಾಂ, ಕುಚ್ಚಲಕ್ಕಿಯಲ್ಲಿ ಅದರ ಮೂರು ಪಟ್ಟು, ರಾಗಿಯಲ್ಲಿ ಏಳೆಂಟು ಪಟ್ಟು. ಹಾಲೂಡಿಸುವ ತಾಯಿಗೆ ದಿನಕ್ಕೆ ಕನಿಷ್ಠ 1.4 ಮಿಲಿಗ್ರಾಂ ಬೇಕು. ಲೆಕ್ಕ ನೀವೇ ಮಾಡಿ ನೋಡಿ. ಅದೂ ಅಕ್ಕಿಯನ್ನು ಮೂರು-ನಾಲ್ಕು ಸಲ ತಿಕ್ಕಿ ತೊಳೆದು, ಗಂಜಿ ಬಸಿದು ಚೆಲ್ಲುವ ಮುಂಚಿನ ಲೆಕ್ಕ. ಬಿ1 ನೀರಿನಲ್ಲಿ ಕರಗಿ ಹೋಗುವ ವಿಟಮಿನ್.

ಮಗುವಿಗೆ ಬರುವ ಬೆರಿಬೆರಿಯ ಮದ್ದು ಸಿಕ್ಕಿದ್ದೂ ಶತಮಾನದ ಹಿಂದೆಯೇ. ಮನಿಲಾದಲ್ಲಿ ಎಡ್ವರ್ಡ್ ವೆಡ್ಡರ್ ಎಂಬ ಅಮೆರಿಕದ ಸೇನಾ ವೈದ್ಯ ಮತ್ತು ರಾಬರ್ಟ್ ವಿಲಿಯಮ್ಸ್ ಎಂಬ ರಸಾಯನಶಾಸ್ತ್ರಜ್ಞ ಅಕ್ಕಿ ತೌಡಿನಿಂದ ತೆಗೆದ ಕಷಾಯದಂಥ ಸಾರವನ್ನು ಕಾಯಿಲೆಯ ಶಿಶುಗಳಿಗೆ ಹನಿಹನಿಯಾಗಿ ಕುಡಿಸಿದರು. ಉಸಿರಾಡಲು ಒದ್ದಾಡುತ್ತಿದ್ದ ಮಕ್ಕಳು ಗಂಟೆಗಳಲ್ಲಿ ಸುಧಾರಿಸಿದರು. ಇದೇ ವಿಲಿಯಮ್ಸ್ 1936ರಲ್ಲಿ ಥಯಾಮಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಅವರು ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ ಎಂಬುದು ಒಂದು ಕಾಕತಾಳೀಯ.

ಹಾಗಾದರೆ ಅಜ್ಜಿಯರು ತಪ್ಪು ಮಾಡಿದರೇ?

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಈ ವಿಷಯ ಬರೆಯುವಾಗ ಅಜ್ಜಿ, ಅತ್ತೆಯರನ್ನು ಕಟಕಟೆಗೆ ನಿಲ್ಲಿಸುವುದು ಸುಲಭ. ಆದರೆ ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶ ಸಾಕಷ್ಟು ಉಳಿಯುತ್ತಿತ್ತು. 'ಬಾಣಂತಿಗೆ ಹಳೇ ಅಕ್ಕಿಯ ಅನ್ನ, ಸಾರು' ಎಂಬ ಪಥ್ಯ ಆ ಅಕ್ಕಿಯ ಕಾಲದ್ದು. ಗಿರಣಿ ಬಂತು, ಅಕ್ಕಿ ಮಲ್ಲಿಗೆಯಂತೆ ಬೆಳ್ಳಗಾಯಿತು, ಪಥ್ಯದ ಪಟ್ಟಿ ಮಾತ್ರ ಹಾಗೇ ಉಳಿಯಿತು. ಉತ್ತರ ಕರ್ನಾಟಕದ ಅಂಟಿನ ಉಂಡೆ, ಅಳವಿ ಪಾಯಸ, ಕರಾವಳಿಯ ಕುಚ್ಚಲಕ್ಕಿ ಗಂಜಿ – ಇವೂ ಬಾಣಂತನದ ಸಂಪ್ರದಾಯಗಳೇ. ಅವುಗಳಲ್ಲಿ ಕೊಡುವ ಭಾಗ ದೊಡ್ಡದಿದೆ. ಎಲ್ಲ ಪಥ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ನಿಷೇಧದ ಹಿಂದಿನ ಕಾರಣಗಳು ಮಾತ್ರ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ತಾಯಿ ಬೇಳೆ ತಿಂದಾಗ ಹುಟ್ಟುವ ವಾಯು ಅವಳ ಕರುಳಿನಲ್ಲೇ ಇರುತ್ತದೆ, ಹಾಲಿಗೆ ಇಳಿಯುವ ದಾರಿಯಿಲ್ಲ. ಶೀತಕ್ಕೆ ಕಾರಣ ವೈರಸ್, ಕಿತ್ತಳೆ ಹಣ್ಣಲ್ಲ. ಮತ್ತೆ ಬೇಳೆ ಬಿಟ್ಟ ಮೇಲೆ ಮಗುವಿನ ಅಳು ನಿಂತಿತಲ್ಲ? ಎಳೆ ಮಕ್ಕಳ ಕಾರಣವಿಲ್ಲದ ಅಳು ಆರನೇ ವಾರದ ಹೊತ್ತಿಗೆ ಹೆಚ್ಚಿ, ಮೂರು-ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆ ನಡುವೆ ಏನನ್ನು ಬಿಟ್ಟಿದ್ದರೂ ಅದಕ್ಕೇ ಕೀರ್ತಿ ಹೋಗುತ್ತಿತ್ತು. ಕೆಲವೇ ಮಕ್ಕಳಿಗೆ ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನ್‌ನಿಂದ ಅಲರ್ಜಿ ಆಗುವುದುಂಟು, ಅದನ್ನು ವೈದ್ಯರು ನೋಡಿ ಹೇಳಬೇಕು. ಊಟದ ನಂತರ ಬಾಣಂತಿಗೆ ಕೊಡುವ ಎಲೆ-ಅಡಿಕೆಯ ಬಗ್ಗೆಯೂ ಒಂದು ಮಾತು: ಅಡಿಕೆ ಮತ್ತು ಚಹಾದಲ್ಲಿನ ಒಗರು ಅಂಶ ಬಿ1 ಅನ್ನು ದೇಹಕ್ಕೆ ದಕ್ಕದಂತೆ ಮಾಡುತ್ತದೆ.

ಇದು ನಮ್ಮ ರಾಜ್ಯಕ್ಕೆ ಮಾತ್ರ ಸೀಮಿತವಲ್ಲ. ಬಿಳಿ ಅನ್ನ ತಿನ್ನುವ, ಬಾಣಂತನದಲ್ಲಿ ಪಥ್ಯ ಮಾಡುವ ಕಾಶ್ಮೀರ ಮತ್ತು ಲಾವೋಸ್‌ನಿಂದಲೂ ಇಂಥದೇ ವರದಿಗಳಿವೆ. ಎದೆಹಾಲೇ ದೋಷಿ ಎನ್ನುವವರಿಗೆ ಇಸ್ರೇಲ್ ಉತ್ತರ ಕೊಡುತ್ತದೆ. ಅಲ್ಲಿ 2003ರಲ್ಲಿ ಬಿ1 ಇಲ್ಲದೆ ತಯಾರಾದ ಸೋಯಾ ಡಬ್ಬಿ ಹಾಲು ಕುಡಿದ ಶಿಶುಗಳಿಗೆ ಇದೇ ಕೊರತೆ ಬಂದು ಸಾವುಗಳಾದವು. 'ನಿನ್ನ ಹಾಲು ನಂಜಾಗಿದೆ, ನಿಲ್ಲಿಸು' ಎಂದು ತಾಯಿಗೆ ಹೇಳುವುದು ತಪ್ಪು ಮತ್ತು ಕ್ರೂರ. ಹಾಲಲ್ಲಿ ನಂಜಿಲ್ಲ, ಒಂದು ವಿಟಮಿನ್ ಕಡಿಮೆಯಿದೆ. ತಾಯಿಗೆ ಅದು ಸಿಕ್ಕರೆ ಹಾಲೂ ಸರಿಯಾಗುತ್ತದೆ. ಕಾಂಬೋಡಿಯಾದಲ್ಲಿ ಹಾಲೂಡಿಸುವ ತಾಯಂದಿರಿಗೆ ದಿನಕ್ಕೆ 1.2ರಿಂದ 10 ಮಿಲಿಗ್ರಾಂವರೆಗೆ ಬೇರೆ ಬೇರೆ ಪ್ರಮಾಣದ ಥಯಾಮಿನ್ ಕೊಟ್ಟು ನೋಡಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಸಣ್ಣ ಪ್ರಮಾಣದಲ್ಲೇ ಹಾಲಿನ ಬಿ1 ಮಟ್ಟ ಏರಿತ್ತು.

ಸರ್ಕಾರದ ಮಾತ್ರೆಯಲ್ಲಿ ಬಿ1 ಇಲ್ಲವೇ?

ಇಲ್ಲ. ಗರ್ಭಿಣಿಗೆ ಮತ್ತು ಹೆರಿಗೆಯ ನಂತರ 180 ದಿನ ಕೊಡುವ ಮಾತ್ರೆಯಲ್ಲಿ ಇರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಪ್ರತ್ಯೇಕ. ರೇಷನ್‌ನ ಸಾರವರ್ಧಿತ ಅಕ್ಕಿಗೆ ಕಡ್ಡಾಯವಾಗಿ ಸೇರಿಸುವುದು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಬಿ1 ಐಚ್ಛಿಕ ಪಟ್ಟಿಯಲ್ಲಿದೆ. ರಕ್ತಹೀನತೆಯ ವಿರುದ್ಧದ ಈ ಕ್ರಮಗಳು ಬೇಕೇ ಬೇಕು, ಆದರೆ 'ಮಾತ್ರೆ ತಿನ್ನುತ್ತಿದ್ದಾಳೆ, ಎಲ್ಲ ಸರಿ' ಎನ್ನುವ ಹಾಗಿಲ್ಲ. ರಾಜ್ಯದಲ್ಲಿ 2017ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇವೆ. ಆ ಊಟ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬಲ್ಲದು. ತೊಡಕಿರುವುದು ಬೇರೆಡೆ: ಪಥ್ಯದಲ್ಲಿರುವ ಬಾಣಂತಿಯನ್ನು ಮನೆಯವರು ಹೊಸ್ತಿಲು ದಾಟಲು ಬಿಡುವುದಿಲ್ಲ, ಊಟ ಮನೆಗೆ ತಂದರೂ ಬೇಳೆ ಇದೆಯೆಂದು ಬೇರೆಯವರ ತಟ್ಟೆಗೆ ಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಮಾತನ್ನು ಬಾಣಂತಿಗಿಂತ ಮೊದಲು ಅವಳಿಗೆ ಬಡಿಸುವವರಿಗೆ ಹೇಳಬೇಕು. ತವರಿನ ಅಡುಗೆಮನೆಯಲ್ಲಿ ಬಾಣಂತಿಯ ಮಾತಿಗೆ ಬೆಲೆ ಕಡಿಮೆ.

ಹೇಳುವುದಕ್ಕೂ ಒಂದು ದಾರಿ ಇದೆ. 'ಪಥ್ಯ ಬಿಡಿ' ಎಂದರೆ ಯಾರೂ ಕೇಳುವುದಿಲ್ಲ. ಅದೇ ಮೆಣಸಿನ ಸಾರಿಗೆ ಹೆಸರುಬೇಳೆ ಬೇಯಿಸಿ ಹಾಕಬಹುದು. ಅಕ್ಕಿಯನ್ನು ಒಂದೇ ಸಲ ತೊಳೆದು, ಗಂಜಿ ಬಸಿಯದೆ ಇಂಗಿಸಿ ಅನ್ನ ಮಾಡಬಹುದು. ಹುರಿದ ಶೇಂಗಾ, ಎಳ್ಳುಂಡೆ, ರಾಗಿ, ಜೋಳದ ರೊಟ್ಟಿ, ತಿನ್ನುವವರಿಗೆ ಮೊಟ್ಟೆ, ಮೀನು – ಇವುಗಳಲ್ಲಿ ಮನೆಗೆ ಒಪ್ಪಿಗೆಯಾದದ್ದನ್ನು ಮೊದಲ ವಾರದಿಂದಲೇ ಶುರು ಮಾಡಬಹುದು. ನೀರಿಗೆ ಲೆಕ್ಕ ಬೇಡ, ಬಾಯಾರಿದಷ್ಟು ಕುಡಿಯಲಿ.

ಆರು ತಿಂಗಳೊಳಗಿನ ಮಗು ಇದ್ದಕ್ಕಿದ್ದಂತೆ ಹಾಲು ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಏದುಸಿರು ಬಿಟ್ಟರೆ, ನರಳುತ್ತಿದ್ದರೆ, ಅಳುವ ದನಿ ಗೊಗ್ಗರಾದರೆ ಅಥವಾ ದನಿಯೇ ಹೊರಡದಿದ್ದರೆ ದೃಷ್ಟಿ ನಿವಾಳಿಸುತ್ತಾ, ಬಜೆ ತೇಯುತ್ತಾ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಇಂಥ ಲಕ್ಷಣಗಳಿಗೆ ನ್ಯುಮೋನಿಯಾ, ರಕ್ತದ ಸೋಂಕು, ಹೃದಯದ ಹುಟ್ಟು ದೋಷವೂ ಕಾರಣವಿರಬಹುದು. ಮನೆಯಲ್ಲಿ ಬಿ ಕಾಂಪ್ಲೆಕ್ಸ್ ಹನಿ ಹಾಕಿ ಕಾಯುವ ವಿಷಯ ಇದಲ್ಲ. ವೈದ್ಯರು ಮಗುವಿನ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ತಾಯಿ ಏನು ಉಣ್ಣುತ್ತಿದ್ದಾಳೆ ಎಂಬ ಹನ್ನೊಂದನೆಯದನ್ನು ಅವರು ಕೇಳದಿದ್ದರೂ ನೀವೇ ಹೇಳಿ: ಹೆರಿಗೆಯಾಗಿ ಇಷ್ಟು ವಾರವಾಯಿತು, ಅವತ್ತಿನಿಂದ ಅನ್ನ-ಸಾರು ಬಿಟ್ಟು ಬೇರೇನೂ ಕೊಟ್ಟಿಲ್ಲ ಎಂದು.